ಬ್ಯಾಟರಿಯ ಸಹನೆ ಎಷ್ಟು?
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಒಂಬತ್ತನೇ ತರಗತಿಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ತಾಮ್ರದ ಕ್ಯಾಲೊರಿಮೀಟರಿಗೆ ನೀರು ಹಾಕಿ, ಕಾದ ಕಬ್ಬಿಣದ ಗುಂಡು ಬಿಟ್ಟು, ನೀರು ಎಷ್ಟು ಬಿಸಿಯಾಯಿತೆಂದು ಅಳೆಯಲು ಹೇಳಿದರು. ನಾನು ಥರ್ಮಾಮೀಟರ್ ಒಡೆದೆ. ಮೇಷ್ಟ್ರು ಹೊಡೆಯಲಿಲ್ಲ. “ಪಕ್ಕದವನದ್ದು ತಗೊಂಡು ಲೆಕ್ಕ ಮುಗಿಸು” ಅಂದರು. ಇವತ್ತಿಗೂ ಅದೇ ಲೆಕ್ಕ ಮಾಡುತ್ತಿದ್ದೇನೆ. ಗುಂಡಿನ ಬದಲು ಮೊಬೈಲ್ ಬ್ಯಾಟರಿಯೊಳಗಿನ ಕಪ್ಪು ಪುಡಿ, ಅಷ್ಟೇ.

ಆ ಪುಡಿಯ ಹೆಸರು ಲಿಥಿಯಂ ಕೋಬಾಲ್ಟ್ ಆಕ್ಸೈಡ್. ಅದು ಬ್ಯಾಟರಿಗೆ ಒದಗುತ್ತದೆಂದು 1980ರಲ್ಲಿ ಆಕ್ಸ್‌ಫರ್ಡಿನಲ್ಲಿ ಗುಡೆನಫ್ ಮತ್ತು ಸಂಗಡಿಗರು ತೋರಿಸಿದರು. 1991ರಲ್ಲಿ ಸೋನಿ ಕಂಪನಿ ಅಂಥ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. 2019ರಲ್ಲಿ ಗುಡೆನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಅವರಿಗೆ ನೊಬೆಲ್ ಬಂತು.

ಚಾರ್ಜ್ ಮಾಡುವುದೆಂದರೆ ಪಂಪು ಹಾಕಿ ನೀರನ್ನು ಟ್ಯಾಂಕಿಗೆ ಏರಿಸಿದಂತೆ. ಆಕ್ಸೈಡಿನ ಪದರಗಳ ನಡುವಿನ ಲಿಥಿಯಂ ಹೊರಟು ಆಚೆಯ ಗ್ರಾಫೈಟಿಗೆ ಸೇರುತ್ತದೆ. ಬಳಸುವಾಗ ತಾನಾಗಿ ಇಳಿದು ಬರುತ್ತದೆ. ವೋಲ್ಟ್ ಎಂದರೆ ಟ್ಯಾಂಕಿನ ಎತ್ತರ. ಆದರೆ ಟ್ಯಾಂಕಿನ ಗೋಡೆ ಗಟ್ಟಿಯಿದೆಯೇ? ಅದನ್ನು ವೋಲ್ಟ್ ಹೇಳುವುದಿಲ್ಲ, ಶಾಖದ ಅಳತೆ ಹೇಳುತ್ತದೆ.

ಇದನ್ನು ನಾನು ಪೆಟ್ಟು ತಿಂದೇ ಕಲಿತೆ. ಸಂಶೋಧನೆಯ ಮೊದಲ ವರ್ಷ ಹೆಚ್ಚು ಚಾರ್ಜ್ ಹಿಡಿಸುವ ಆಸೆಗೆ ಮಿತಿ ಮೀರಿ ಲಿಥಿಯಂ ತೆಗೆದೆ. ಆ ಪುಡಿಯನ್ನು ಬ್ಯಾಟರಿಯ ದ್ರವದ ಜೊತೆ ಪುಟ್ಟ ಡಬ್ಬಿಯಲ್ಲಿ ಮುಚ್ಚಿ ಕಾಯಿಸಿದಾಗ ಮುಚ್ಚಳವೇ ಹಾರಿತು. ಲಿಥಿಯಂ ಸುಮಾರು ಅರ್ಧ ಹೋದಾಗಲೇ ಈ ಆಕ್ಸೈಡ್ ಅಸ್ಥಿರ. 200 ಡಿಗ್ರಿ ಸೆಲ್ಸಿಯಸ್ ದಾಟಿ ಕಾದರೆ ಆಮ್ಲಜನಕ ಬಿಡತೊಡಗುತ್ತದೆ. ಪಕ್ಕದಲ್ಲೇ ಉರಿಯುವ ದ್ರವ. ಕಾವು ಕಾವನ್ನು ಹೆಚ್ಚಿಸುತ್ತದೆ. ಆ ರಾತ್ರಿ ನನಗೆ ನೆನಪಾದದ್ದು ದಿಂಬಿನ ಕೆಳಗೆ ಮೊಬೈಲ್ ಚಾರ್ಜಿಗಿಟ್ಟು ಮಲಗುವ ನನ್ನ ಅಮ್ಮ. ಕೂಡಲೇ ಫೋನ್ ಮಾಡಿ ತೆಗೆಸಿದೆ.

ಪರಿಹಾರವೂ ಇದೇ ಲೆಕ್ಕದಿಂದ ಬಂತು. 1997ರಲ್ಲಿ ಗುಡೆನಫ್ ತಂಡವೇ ಪ್ರಕಟಿಸಿದ ಲಿಥಿಯಂ ಐರನ್ ಫಾಸ್ಫೇಟಿನಲ್ಲಿ ರಂಜಕವು ಆಮ್ಲಜನಕವನ್ನು ಬಿಗಿಯಾಗಿ ಹಿಡಿದಿರುತ್ತದೆ. ವೋಲ್ಟ್ ಸ್ವಲ್ಪ ಕಡಿಮೆ, ಸಹನೆ ಹೆಚ್ಚು.

ಊರಿನವರಲ್ಲಿ ಒಂದು ಬೇಡಿಕೆ. ಊದಿಕೊಂಡ ಬ್ಯಾಟರಿಯನ್ನು ಚಾರ್ಜ್ ಮಾಡಬೇಡಿ, ಚುಚ್ಚಬೇಡಿ. ಹಳೆಯದನ್ನು ತಿಪ್ಪೆಗೆ ಎಸೆಯಬೇಡಿ, ಕಸದ ಜೊತೆ ಸುಡಬೇಡಿ. ಮಕ್ಕಳೇ, ಎಷ್ಟು ತುಂಬುತ್ತದೆ ಎಂದು ಕೇಳುವಾಗ ಎಷ್ಟು ತಡೆಯುತ್ತದೆ ಎಂದೂ ಕೇಳಿ.

ಮೇಷ್ಟ್ರೇ, ಒಡೆದ ಥರ್ಮಾಮೀಟರಿನ ಬಾಕಿ ಐವತ್ತು ವರ್ಷದ ಈ ಶಾಲೆಗೆ ನನ್ನ ಮೇಲಿದೆ. ಇವತ್ತು ಪ್ರಯೋಗಶಾಲೆಗೆ ಒಂದು ಡಜನ್ ತಂದಿದ್ದೇನೆ. ಮಕ್ಕಳು ಒಡೆದರೂ ಲೆಕ್ಕ ಮುಗಿಸಲಿ.