ಅರಿವೆ ಮತ್ತು ಅರಿವು



ಉಸಿರು ಮನುಷ್ಯನಿಗೆ ದೊರೆತ ಮೊದಲ ಸಂಪತ್ತು. ಅನ್ನವಿಲ್ಲದೆ ಕೆಲವು ದಿನ ಇರಬಹುದು. ಉಸಿರಿಲ್ಲದೆ ಕೆಲವು ನಿಮಿಷವೂ ಇರಲಾಗದು. ಈ ಸಂಪತ್ತಿಗೆ ಒಂದು ವಿಶೇಷವಿದೆ. ಹೊಲಕ್ಕೆ ಬದುವುಂಟು, ಮನೆಗೆ ಗೋಡೆಯುಂಟು. ಉಸಿರಿಗೆ ಬದುವೂ ಇಲ್ಲ, ಗೋಡೆಯೂ ಇಲ್ಲ. ನಮ್ಮೊಳಗಿನಿಂದ ಹೊರಬಂದ ಗಾಳಿಯೇ ಪಕ್ಕದವರ ಎದೆಯನ್ನು ಹೊಗುತ್ತದೆ. ಒಂದು ತರಗತಿಯಲ್ಲಿ ಅರವತ್ತು ಜನ ಕುಳಿತರೆ ಅರವತ್ತು ಜನರೂ ಒಂದೇ ಗಾಳಿಯ ಪಾಲುದಾರರು. ಆದ್ದರಿಂದ ಉಸಿರಾಟ ಬರಿಯ ದೇಹಧರ್ಮವಲ್ಲ. ಅದರಲ್ಲಿ ಒಂದು ನೀತಿಯೂ ಅಡಗಿದೆ. ಆ ನೀತಿಯನ್ನು ಕುರಿತು ಇಂದು ನಾಲ್ಕು ಮಾತು ಹೇಳಬಯಸುತ್ತೇವೆ.

2020ರಲ್ಲಿ ಕೋವಿಡ್ ಎಂಬ ವ್ಯಾಧಿ ಬಂದು ಲೋಕವನ್ನೆಲ್ಲ ತಲ್ಲಣಗೊಳಿಸಿತು. ಮುಖಗವಸು ಧರಿಸಬೇಕೆಂದು ಸರಕಾರ ವಿಧಿಸಿತು, ಧರಿಸದವರಿಗೆ ದಂಡ ಹಾಕಿತು. ಆಗ ನಾವೆಲ್ಲ ಕಂಡದ್ದೇನು? ಪೋಲೀಸರು ಎದುರಾದರೆ ಗವಸು ಮೂಗಿನ ಮೇಲೆ. ಅವರು ಮರೆಯಾದರೆ ಗಲ್ಲದ ಕೆಳಗೆ. ಕೆಲವರ ಗವಸು ಒಂದೇ ಕಿವಿಗೆ ಲೋಲಾಕಿನಂತೆ ತೂಗುತ್ತಿತ್ತು. ಬಟ್ಟೆಗೆ ನಮ್ಮ ಕಡೆಯ ಜನ ‘ಅರಿವೆ’ ಎನ್ನುತ್ತಾರೆ. ತಿಳಿವಿಗೆ ‘ಅರಿವು’ ಎನ್ನುತ್ತೇವೆ. ಎರಡಕ್ಕೂ ಒಂದೇ ಸ್ವರದ ಅಂತರ. ಅರಿವಿಲ್ಲದ ಅರಿವೆ ಗಲ್ಲಕ್ಕೆ ಇಳಿಯುತ್ತದೆ. ಅರಿವು ಕೂಡಿದ ಅರಿವೆ ಯಾರೂ ನೋಡದಿದ್ದರೂ ಮೂಗಿನ ಮೇಲೆ ನಿಲ್ಲುತ್ತದೆ. ದಂಡದ ಭಯ ಅರಿವೆಯನ್ನು ತೊಡಿಸೀತು, ಅರಿವನ್ನು ಕೊಡಲಾರದು.

ಹಾಗಾದರೆ ವಿದ್ಯೆ ಕಲಿತವರಿಗೆ ಈ ಅರಿವು ತಾನಾಗಿ ಬರುವುದೋ? ಅದೂ ಇಲ್ಲ. 1910ರ ಕೊನೆಯಲ್ಲಿ ಚೀನಾ ದೇಶದ ಮಂಚೂರಿಯಾದಲ್ಲಿ ಪ್ಲೇಗು ಹರಡಿತು. ಪೆನಾಂಗಿನಲ್ಲಿ ಹುಟ್ಟಿ ಕೇಂಬ್ರಿಜ್ಜಿನಲ್ಲಿ ಓದಿದ ವೂ ಲಿಯೆನ್-ತೆ ಎಂಬ ತರುಣ ವೈದ್ಯರನ್ನು ಅಲ್ಲಿಯ ಹಾರ್ಬಿನ್ ನಗರಕ್ಕೆ ಕಳಿಸಿದರು. ಈ ಪ್ಲೇಗು ಇಲಿಚಿಗಟದಿಂದಲ್ಲ, ರೋಗಿಯ ಉಸಿರಿನಿಂದ ನೇರವಾಗಿ ಹರಡುತ್ತಿದೆ ಎಂದು ಅವರು ಕಂಡುಕೊಂಡರು. ತೆಳುಬಟ್ಟೆಯ ಪದರಗಳ ನಡುವೆ ಹತ್ತಿಯಿಟ್ಟು ಗವಸು ಮಾಡಿಸಿ, ಎಲ್ಲರೂ ಕಟ್ಟಿಕೊಳ್ಳಿರೆಂದರು. ಮೆನಿ ಎಂಬ ಫ್ರೆಂಚ್ ವೈದ್ಯರು ವಯಸ್ಸಿನಲ್ಲಿ ಹಿರಿಯರು, ಅನುಭವಸ್ಥರು. ಅವರಿಗೆ ಈ ಕಿರಿಯನ ಮಾತು ರುಚಿಸಲಿಲ್ಲ. ಗವಸು ಧರಿಸದೆಯೇ ರೋಗಿಗಳ ಬಳಿಗೆ ಹೋದರು. ಕೆಲವೇ ದಿನಗಳಲ್ಲಿ ಅದೇ ಪ್ಲೇಗಿಗೆ ಬಲಿಯಾದರು. ಆ ಪಿಡುಗು 1911ರಲ್ಲಿ ಅಡಗುವಷ್ಟರಲ್ಲಿ ಸುಮಾರು 60,000 ಜನ ಸತ್ತಿದ್ದರು. ಮೆನಿಯವರಿಗೆ ವಿದ್ಯೆ ಕಡಿಮೆಯಿರಲಿಲ್ಲ. ಕಿರಿಯರಿಂದಲೂ ಕಲಿಯುವ ಮನಸ್ಸು ಆ ಗಳಿಗೆಯಲ್ಲಿ ಕೈಗೂಡಲಿಲ್ಲ. ಕಲಿಯುವುದಕ್ಕೂ ಕಲಿಸುವುದಕ್ಕೂ ಕೂಡಿದ ಕಾಲೇಜಿನವರು ಇದನ್ನು ಮರೆಯಬಾರದು.

ಅಷ್ಟು ದೂರ ಏಕೆ ಹೋಗಬೇಕು? 2021ರ ನವೆಂಬರಿನಲ್ಲಿ ನಮ್ಮ ಧಾರವಾಡದ ಒಂದು ವೈದ್ಯಕೀಯ ಕಾಲೇಜಿನಲ್ಲಿ ಸಮಾರಂಭವೊಂದು ನಡೆದ ಮೇಲೆ ಮೊದಲು 66 ಜನರಲ್ಲಿ ಸೋಂಕು ಕಂಡಿತು. ಕೆಲವೇ ದಿನಗಳಲ್ಲಿ ಸಂಖ್ಯೆ ಮುನ್ನೂರರ ಹತ್ತಿರ ಬಂದಿತು. ಅವರಲ್ಲಿ ಹೆಚ್ಚಿನವರು ಎರಡೂ ಲಸಿಕೆ ಹಾಕಿಸಿಕೊಂಡವರು. ಬಹುಪಾಲು ಜನರಿಗೆ ರೋಗ ಸೌಮ್ಯವಾಗಿಯೇ ಇತ್ತು. ಯಾರನ್ನೂ ದೂರಲು ಇದನ್ನು ಹೇಳುತ್ತಿಲ್ಲ. ಕೂಡಿ ಉಣ್ಣುವ, ಕೂಡಿ ಓದುವ, ಕೂಡಿ ಮಲಗುವ ಕಡೆ ಸೋಂಕು ಎಷ್ಟು ಬೇಗ ಓಡುತ್ತದೆಂಬುದಕ್ಕೆ ಇದು ಸಾಕ್ಷಿ. ತರುಣರ ಮೈಯಲ್ಲಿ ಅದು ಸುಮ್ಮನೆ ಇದ್ದೀತು. ರಜೆಗೆ ಅವರು ಊರಿಗೆ ಹೋದಾಗ ಅವರೊಡನೆಯೇ ಬಸ್ಸು ಹತ್ತೀತು. ಮೊಮ್ಮಗ ಬಂದನೆಂದು ಕೆನ್ನೆ ಸವರಿ ಲಟಿಕೆ ಮುರಿಯುವ ಅಜ್ಜಿಯ ಮೈ ಅದನ್ನು ತಾಳೀತೆ?

ಇನ್ನು, ಬಹಳ ಜನ ಒಟ್ಟಿಗೆ ಇರುವಲ್ಲಿ ಈ ರೂಢಿಯನ್ನು ಬೆಳೆಸುವುದು ಹೇಗೆ? ನಮ್ಮ ನೆರೆಯ ಬಾಂಗ್ಲಾದೇಶದಲ್ಲಿ 2020-21ರಲ್ಲಿ 600 ಹಳ್ಳಿಗಳ ಸುಮಾರು 3 ಲಕ್ಷ 40 ಸಾವಿರ ಜನರ ನಡುವೆ ಇದನ್ನು ಪರೀಕ್ಷಿಸಿ ನೋಡಿದರು. ಅರ್ಧದಷ್ಟು ಹಳ್ಳಿಗಳಲ್ಲಿ ಗವಸನ್ನು ಮನೆಮನೆಗೆ ಉಚಿತವಾಗಿ ಹಂಚಿದರು. ಸರಿಯಾಗಿ ಧರಿಸುವುದನ್ನು ತೋರಿಸಿಕೊಟ್ಟರು. ಊರ ಹಿರಿಯರೂ ಮಸೀದಿಯ ಇಮಾಮರೂ ತಾವು ಧರಿಸಿ ಇತರರಿಗೆ ಹೇಳಿದರು. ಸಂತೆಯಲ್ಲಿ ಯಾರಾದರೂ ಬರಿಮುಖದಲ್ಲಿ ಕಂಡರೆ ಬಯ್ಯದೆ, ಹತ್ತಿರ ಹೋಗಿ ವಿನಯದಿಂದ ಕೇಳಿಕೊಂಡರು. ಹಂಚದ ಹಳ್ಳಿಗಳಲ್ಲಿ ಸರಿಯಾಗಿ ಧರಿಸುವವರು ನೂರಕ್ಕೆ 13; ಹೀಗೆ ದುಡಿದ ಹಳ್ಳಿಗಳಲ್ಲಿ 42. ಮೊಬೈಲಿಗೆ ಕಳಿಸಿದ ಸಂದೇಶಗಳಿಂದಾಗಲಿ, ಊರಿಗೆ ಬಹುಮಾನ ಕೊಡುತ್ತೇವೆಂದದ್ದರಿಂದಾಗಲಿ ಹೆಚ್ಚಿನ ಫಲ ಕಾಣಲಿಲ್ಲ. ಸರ್ಜಿಕಲ್ ಮಾಸ್ಕ್ ಹಂಚಿದ ಹಳ್ಳಿಗಳಲ್ಲಿ ಅರವತ್ತು ದಾಟಿದವರಿಗೆ ರೋಗ ತಗಲುವುದು ನೂರಕ್ಕೆ ಸುಮಾರು 35ರಷ್ಟು ಇಳಿಯಿತು. ನೋಡಿರಿ, ಎಲ್ಲರೂ ಮುಖ ಮುಚ್ಚಿದ್ದಲ್ಲ, ಅರ್ಧದಷ್ಟು ಜನರೂ ಅಲ್ಲ. ಆದರೂ ವೃದ್ಧರಿಗೆ ಇಷ್ಟು ರಕ್ಷಣೆ ದೊರೆಯಿತು.

ಇದರಿಂದ ಕಾಲೇಜಿನವರು ಕಲಿಯಬೇಕಾದದ್ದು ಸ್ಪಷ್ಟವಾಗಿದೆ. ಗೋಡೆಗೆ ಹಚ್ಚಿದ ಫಲಕ ತಾನಾಗಿ ಯಾರನ್ನೂ ತಿದ್ದುವುದಿಲ್ಲ, ನಡೆ ತಿದ್ದುತ್ತದೆ. ಪಾಠ ಹೇಳುವಾಗ ಗವಸು ಕೆಳಗಿಳಿಸುವ ಅಧ್ಯಾಪಕರ ಮಾತನ್ನು ಮಕ್ಕಳು ಹೇಗೆ ಕೇಳಿಯಾರು? ಗಟ್ಟಿಯಾಗಿ ಮಾತನಾಡುವವನ ಬಾಯಿಂದಲೇ ಹೆಚ್ಚು ತುಂತುರು ಹೊರಡುತ್ತದೆ. ಆದ್ದರಿಂದ ಮಾತನಾಡುವವನಿಗೇ ಅದು ಮೊದಲು ಬೇಕು. ಕೊಳ್ಳಲಾರದ ವಿದ್ಯಾರ್ಥಿಯ ಕೈಗೆ ಕಾಲೇಜೇ ಗವಸು ಕೊಡಲಿ. ಹಾಸ್ಟೆಲಿನ ಬಾಗಿಲಲ್ಲಿ ಒಂದು ಡಬ್ಬಿ ಇಟ್ಟರೆ ಸಾಕು, ಕೇಳುವ ಸಂಕೋಚವೂ ತಪ್ಪುತ್ತದೆ.

ಧರಿಸುವ ಕ್ರಮವೂ ಸುಲಭ. ಮೂಗು, ಬಾಯಿ, ಗಲ್ಲ ಮೂರೂ ಮುಚ್ಚಿರಬೇಕು. ಮೇಲಂಚಿನ ತಂತಿಯನ್ನು ಮೂಗಿನ ಮೇಲೆ ಒತ್ತಿ ಕೂಡಿಸಬೇಕು. ಕೆನ್ನೆಯ ಬದಿಯಲ್ಲಿ ಸಂದು ಬಿಟ್ಟರೆ ಗಾಳಿ ಅಲ್ಲಿಂದಲೇ ನುಸುಳುತ್ತದೆ. ಒದ್ದೆಯಾದುದನ್ನು ಬದಲಿಸಬೇಕು. ಬಟ್ಟೆಯದನ್ನು ಒಗೆದು ಒಣಗಿಸಬಹುದು. ಸರ್ಜಿಕಲ್ ಮಾಸ್ಕನ್ನು ಒಗೆದರೆ ಅದರ ಶಕ್ತಿ ಕುಂದುತ್ತದೆ. ಕವಾಟವಿರುವ ಮಾಸ್ಕು ಧರಿಸಿದವನ ಉಸಿರನ್ನು ಸೋಸದೆ ಹೊರಬಿಡುತ್ತದೆ. ಅದು ಪರರನ್ನು ಕಾಯದು. ಗವಸಿನ ಜೊತೆಗೆ ಕಿಟಕಿಗಳನ್ನೂ ತೆರೆದಿಡಿರಿ.

ಇಂದು ದಂಡದ ಭಯವಿಲ್ಲ. ಆದರೆ ಶೀತಜ್ವರ ಹೋಗಿಲ್ಲ, ಕ್ಷಯ ಹೋಗಿಲ್ಲ. ಕೆಮ್ಮು ಜ್ವರ ಬಂದವರು ಮನೆಯಲ್ಲಿರುವುದು ಮೇಲು. ಬರಲೇಬೇಕಾದರೆ ಗವಸು ಧರಿಸಿ ಬರಲಿ. ಧರಿಸಿ ಬಂದವರನ್ನು ಕಂಡು ಯಾರೂ ನಗಬಾರದು, ರೋಗಿಯೆಂದು ದೂರ ಸರಿಯಬಾರದು. ಉಸಿರಾಟದ ತೊಂದರೆಯಿಂದ ಧರಿಸಲಾಗದವರನ್ನು ಹೀಯಾಳಿಸಲೂಬಾರದು.

ಜೈನರಲ್ಲಿ ಸ್ಥಾನಕವಾಸಿ ಮುನಿಗಳು ಬಾಯಿಗೆ ಬಿಳಿಯ ವಸ್ತ್ರ ಕಟ್ಟಿಕೊಳ್ಳುವುದನ್ನು ನೀವು ಕಂಡಿರಬಹುದು. ತಮ್ಮ ರಕ್ಷಣೆಗಲ್ಲ, ತಮ್ಮ ಉಸಿರಿನಿಂದ ಕಣ್ಣಿಗೆ ಕಾಣದ ಜೀವಿಗೂ ನೋವಾಗಬಾರದೆಂದು. ಕಾಣದ ಜೀವಕ್ಕೆ ಅಷ್ಟು ದಯೆ ಇರುವಾಗ, ಕಣ್ಣೆದುರಿನ ಗೆಳೆಯನಿಗೆ, ಊರಲ್ಲಿ ದಾರಿ ಕಾಯುವ ಅಜ್ಜಿಗೆ ನಮ್ಮ ದಯೆ ಸಲ್ಲಬೇಡವೆ? ಅನ್ನವನ್ನು ಹಂಚಿ ಉಣ್ಣುವುದು ದಾಸೋಹವಾದರೆ, ಗಾಳಿಯನ್ನು ಶುದ್ಧವಾಗಿ ಹಂಚಿಕೊಳ್ಳುವುದೂ ದಾಸೋಹವೇ. ನಿಮ್ಮ ಅರಿವೆಯೊಳಗೆ ಅರಿವು ನೆಲೆಸಲಿ, ನಿಮ್ಮ ಉಸಿರು ನಿಮಗೂ ನೆರೆಯವರಿಗೂ ಹಿತವಾಗಲಿ ಎಂದು ಹಾರೈಸಿ ಈ ಮಾತುಗಳನ್ನು ಮುಗಿಸುತ್ತೇವೆ.