ಬಂಡೆಯ ನೆತ್ತಿಯ ಮೇಲಿನ ದೇವಾಲಯ
(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಸಭೆಯಲ್ಲಿ ನೀಡಿದ ಉಪನ್ಯಾಸ)



ನೂರು ವರ್ಷ ತುಂಬಿದ ನಮ್ಮ ದೇವಾಲಯದ ಅಂಗಳದಲ್ಲಿ ನಿಂತು, ಸಾವಿರ ವರ್ಷ ದಾಟಿದ ಬೇರೊಂದು ದೇವಾಲಯದ ಚರಿತ್ರೆಯನ್ನು ತಮ್ಮ ಮುಂದಿಡಲು ಬಯಸುತ್ತೇನೆ. ನಮ್ಮದನ್ನು ಕಿರಿದೆನಿಸುವುದು ಇದರ ಉದ್ದೇಶವಲ್ಲ. ದೇವರ ಮನೆಯನ್ನು ಕಟ್ಟುವವರಿಗೂ ಕಾಯುವವರಿಗೂ ಅಲ್ಲಿ ಕಲಿಯತಕ್ಕ ಪಾಠವೊಂದಿದೆ.

ಫ್ರಾನ್ಸ್ ದೇಶದ ದಕ್ಷಿಣ-ಮಧ್ಯ ಭಾಗದ ಬೆಟ್ಟನಾಡಿನಲ್ಲಿ ಲ ಪ್ವಿ ಎಂಬ ಪಟ್ಟಣವಿದೆ. ಅದರ ಮಗ್ಗುಲಿನ ಎಗ್ವಿಯ್ ಎಂಬ ಊರಿನ ನಡುವೆ 80 ಮೀಟರಿಗೂ ಮಿಗಿಲಾದ ಎತ್ತರದ ಬಂಡೆಯೊಂದು ನೆಟ್ಟಗೆ ಎದ್ದು ನಿಂತಿದೆ. ಎಗ್ವಿಯ್ ಎಂದರೆ ಸೂಜಿ. ನೋಟಕ್ಕೆ ತಕ್ಕ ಹೆಸರು. ಲಕ್ಷಾಂತರ ವರ್ಷಗಳ ಹಿಂದೆ ಜ್ವಾಲಾಮುಖಿಯ ಗಂಟಲಿನಲ್ಲಿ ಹೆಪ್ಪುಗಟ್ಟಿದ ಶಿಲೆ ಅದು. ಸುತ್ತಲಿನ ಮೆದುವಾದುದೆಲ್ಲ ಮಳೆಗಾಳಿಗೆ ಸವೆದುಹೋಯಿತು, ಗಟ್ಟಿಯಾದುದು ಉಳಿಯಿತು. ಅದರ ನೆತ್ತಿಯ ಮೇಲೆ, ಬಂಡೆಯಿಂದಲೇ ಬೆಳೆದು ಬಂದಂತೆ, ಮಹಾದೂತ ಸಂತ ಮಿಕಾಯೇಲರ ದೇವಾಲಯವಿದೆ. ಅಲ್ಲಿಗೇರಲು ಕಲ್ಲಿನಲ್ಲಿ ಕಡಿದ 268 ಮೆಟ್ಟಿಲುಗಳಿವೆ.

ಇದರ ಆರಂಭಕ್ಕೂ ಒಂದು ಯಾತ್ರೆಗೂ ನಂಟಿದೆ. ಕ್ರಿ.ಶ. 950ರಲ್ಲಿ ಲ ಪ್ವಿಯ ಧರ್ಮಾಧ್ಯಕ್ಷರಾಗಿದ್ದ ಗೊಡೆಸ್ಕಾಲ್ಕರು ದೊಡ್ಡ ಪರಿವಾರದೊಡನೆ ಸ್ಪೇನ್ ದೇಶದ ಕೊಂಪೊಸ್ತೆಲಕ್ಕೆ ಹೊರಟರು. ಅದು ನಮ್ಮ ಹಿರಿಯರು ಯಾಗಪ್ಪನವರೆಂದು ಕರೆಯುತ್ತಿದ್ದ ಪ್ರೇಷಿತ ಸಂತ ಯಾಕೋಬರ ಸಮಾಧಿಯ ಕ್ಷೇತ್ರ. ಸ್ಪೇನಿನ ಹೊರಗಿನಿಂದ ಅಲ್ಲಿಗೆ ನಡೆದ ಯಾತ್ರಿಕರಲ್ಲಿ ನಮಗೆ ಹೆಸರು ತಿಳಿದಿರುವ ಮೊದಲಿಗರಲ್ಲಿ ಇವರೂ ಒಬ್ಬರು. ಮಾರ್ಗದಲ್ಲಿ ಅವರು ಅಲ್ಬೆಲ್ದ ಎಂಬ ಮಠದಲ್ಲಿ ತಂಗಿ, ತೊಲೇದೊ ನಗರದ ಸಂತ ಇಲ್ದೆಫೊನ್ಸರು ಮಾತೆ ಮರಿಯಳ ಕನ್ಯತ್ವವನ್ನು ಕುರಿತು ಬರೆದ ಗ್ರಂಥದ ಪ್ರತಿಯನ್ನು ಮಾಡಿಸಿದರು. ಗೊಮೆಸಾನೊ ಎಂಬ ಸನ್ಯಾಸಿ ಅದನ್ನು ಬರೆದುಕೊಟ್ಟು, ಧರ್ಮಾಧ್ಯಕ್ಷರ ಯಾತ್ರೆಯ ವಿಷಯವನ್ನು ಮುನ್ನುಡಿಯಲ್ಲಿ ಸೇರಿಸಿದನು. ಆ ಹಸ್ತಪ್ರತಿ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಉಳಿದಿದೆ. ಒಬ್ಬ ಸನ್ಯಾಸಿ ನಾಲ್ಕು ಸಾಲು ಬರೆದಿಟ್ಟುದರಿಂದಲೇ ಆ ಯಾತ್ರೆ ಇಂದು ನಮಗೆ ತಿಳಿದಿದೆ.

ಧರ್ಮಾಧ್ಯಕ್ಷರು ಮರಳಿ ಬಂದ ಮುಂದಿನ ದಶಕದಲ್ಲಿ ಬಂಡೆಯ ಮೇಲಿನ ದೇವಾಲಯ ಮೈದಳೆಯಿತು. ಕಟ್ಟಿಸುವ ಹೊಣೆ ಹೊತ್ತವರು ಪ್ರಧಾನಾಲಯದ ಗುರುಮಂಡಲಿಯ ಮುಖ್ಯರಾದ ತ್ರುವಾನ್ನುಸರು. ವಾಡಿಕೆಯಲ್ಲಿ ಹೇಳುವ ವರ್ಷ 969. ಸಂತ ಮಿಕಾಯೇಲರನ್ನು ಎತ್ತರದ ತಾಣಗಳಲ್ಲಿ ಪೂಜ್ಯಭಾವದಿಂದ ನೆನೆಯುವುದು ಹಳೆಯ ಪರಂಪರೆ. ಇಟಲಿಯ ಗಾರ್ಗಾನೊ ಬೆಟ್ಟದಲ್ಲಿ ಅದು ಮೊದಲೇ ಬೇರೂರಿತ್ತು. ಫ್ರಾನ್ಸಿನ ಉತ್ತರದ ಕಡಲಂಚಿನಲ್ಲಿ ಅವರದೇ ಹೆಸರಿನ ದಿಬ್ಬದ ಮೇಲೆ ಬೆನೆದಿಕ್ಟರ ಸಭೆಯ ಸನ್ಯಾಸಿಗಳು ನೆಲೆಸಿದ್ದು 966ರಲ್ಲಿ. ಕೆಡುಕನ್ನು ಕೆಳಗೆ ತಳ್ಳಿದ ದೂತನಿಗೆ ಮುಗಿಲಿನ ಹತ್ತಿರದ ಮನೆಯೇ ಸರಿಯೆಂದು ಆ ಕಾಲದ ಜನ ಬಗೆದರು.

ಮೊದಲು ಕಟ್ಟಿದುದು ಅತಿ ಸಣ್ಣ ಗುಡಿ: ಚೌಕಾಕಾರದ ಒಂದು ಕೋಣೆ, ಮೂರು ಬದಿಗಳಿಗೆ ಅರ್ಧವೃತ್ತದ ಮೂರು ಗೂಡುಗಳು. ಹನ್ನೆರಡನೆಯ ಶತಮಾನದ ಹೊತ್ತಿಗೆ ಯಾತ್ರಿಕರು ಹೆಚ್ಚಿದರು; ಸ್ಥಳ ಸಾಲದಾಯಿತು. ಇಲ್ಲಿಯೇ ನಮ್ಮ ಗಮನಕ್ಕೆ ಅರ್ಹವಾದ ಸಂಗತಿ ನಡೆದುದು. ಹಳೆಯ ಗುಡಿಯನ್ನು ಕೆಡವಿದ್ದರೆ ಆ ಇಕ್ಕಟ್ಟಾದ ನೆತ್ತಿಯ ಮೇಲೆ ಹೊಸದನ್ನು ಕಟ್ಟುವುದು ಸುಲಭವಾಗುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಹಳೆಯದನ್ನೇ ಗರ್ಭವಾಗಿ ಉಳಿಸಿಕೊಂಡು, ಬಂಡೆಯ ಅಂಚು ಎಲ್ಲಿ ಹೇಗೆ ಬಾಗುತ್ತದೆಯೋ ಹಾಗೆಯೇ ಗೋಡೆಯನ್ನು ಬಾಗಿಸಿ, ಕಂಬಸಾಲನ್ನೂ ಗಂಟೆಗೋಪುರವನ್ನೂ ಸೇರಿಸಿದರು. ಆದುದರಿಂದಲೇ ದೇವಾಲಯದ ಆಕಾರ ಓರೆಕೋರೆಯಾಗಿದೆ. ಬಂಡೆ ಕೊಟ್ಟಷ್ಟನ್ನು ಅವರು ಕೃತಜ್ಞತೆಯಿಂದ ಬಳಸಿದರು.

ಮುಂಬಾಗಿಲಿನ ಶೋಭೆಯೂ ಆ ಕಾಲದ್ದೇ. ಕಪ್ಪು, ಬಿಳಿ, ಕೆಂಪು ಬಣ್ಣದ ಕಲ್ಲುಗಳನ್ನು ಜೋಡಿಸಿದ ಚಿತ್ತಾರ, ಮೂರೆಸಳಿನ ಕಮಾನು, ಅದರಲ್ಲಿ ದೇವರ ಕುರಿಮರಿ ಮತ್ತು ಪ್ರಕಟನೆ ಗ್ರಂಥದ ಹಿರಿಯರು. ಮೇಲಿನ ಸಾಲಿನಲ್ಲಿ ಪ್ರಭು ಕ್ರಿಸ್ತರು, ಮಾತೆ ಮರಿಯ ಮತ್ತು ಸಂತರು. ಅಕ್ಷರ ಬಾರದ ಯಾತ್ರಿಕನಿಗೆ ಆ ಬಾಗಿಲೇ ಧರ್ಮೋಪದೇಶವಾಗಿತ್ತು.

ಲ ಪ್ವಿಯ ಮರಿಯಮಾತೆಯ ಪ್ರಧಾನಾಲಯದಲ್ಲಿ, ಶುಭ ಶುಕ್ರವಾರವೂ ಮಂಗಳವಾರ್ತೆಯ ದಿನವಾದ ಮಾರ್ಚ್ 25ೂ ಒಂದೇ ದಿನ ಕೂಡಿಬಂದಾಗ ಮಹಾಜುಬಿಲಿ ನಡೆಯುತ್ತದೆ. 2005ರಲ್ಲಿಯೂ 2016ರಲ್ಲಿಯೂ ಹಾಗೆ ಕೂಡಿಬಂದಿತ್ತು. 1429ರಲ್ಲಿಯೂ ಕೂಡಿಬಂದಿತ್ತು. ಆ ವರ್ಷ ಸಂತ ಜೋನಳ ತಾಯಿ ಲ ಪ್ವಿಯಲ್ಲಿದ್ದಳೆಂಬುದು ಜೋನಳ ಪಾಪನಿವೇದನೆಯ ಗುರುಗಳಾಗಿದ್ದ ಪಾಸ್ಕೆರೆಲರ ಸಾಕ್ಷ್ಯದಿಂದ ತಿಳಿಯುತ್ತದೆ. ಆ ತಾಯಿ ಈ ಮೆಟ್ಟಿಲುಗಳನ್ನೂ ಏರಿ ಪ್ರಾರ್ಥಿಸಿದಳೆಂದು ಪರಂಪರೆ ಹೇಳುತ್ತದೆ. ಮಗಳು ಯುದ್ಧಭೂಮಿಯ ಹಾದಿ ಹಿಡಿದಿದ್ದ ಹೊತ್ತು ಅದು.

ಹಳೆಯ ಗುಡಿಯನ್ನು ಉಳಿಸಿದುದರ ಫಲ ಇಪ್ಪತ್ತನೆಯ ಶತಮಾನದಲ್ಲಿ ಕಂಡಿತು. 1955ರಲ್ಲಿ ಬಲಿಪೀಠದ ಅಡಿಯಲ್ಲಿ ಹುದುಗಿದ್ದ ಪವಿತ್ರಾವಶೇಷಗಳ ಪೆಟ್ಟಿಗೆಯೂ ಕ್ರಿಸ್ತರ ಪುರಾತನ ಪ್ರತಿಮೆಯೂ ದೊರೆತುವು. ಶತಮಾನಗಳ ಕಾಲ ಜನ ತಮಗರಿವಿಲ್ಲದೆಯೇ ಆ ನಿಧಿಯ ಮುಂದೆ ಮೊಣಕಾಲೂರಿದ್ದರು. ಪೀಠವನ್ನು ಕಿತ್ತೆಸೆದಿದ್ದರೆ ಅದು ಎಲ್ಲಿ ಹೋಗುತ್ತಿತ್ತೋ! ಗುಡಿಯ ಒಳಮಾಳಿಗೆಯ ಹಳೆಯ ವರ್ಣಚಿತ್ರಗಳ ಮಾತೂ ಅಷ್ಟೇ.

ಪ್ರಿಯರೇ, ಶತಮಾನೋತ್ಸವ ಆಚರಿಸುವ ಧರ್ಮಕೇಂದ್ರಗಳಲ್ಲೆಲ್ಲ ಒಂದು ಮಾತು ಏಳುತ್ತದೆ: ದೇವಾಲಯ ಚಿಕ್ಕದಾಯಿತು, ಕೆಡವಿ ದೊಡ್ಡದು ಕಟ್ಟೋಣ. ಆ ಕೊರತೆ ಸುಳ್ಳಲ್ಲ. ಭಾನುವಾರದ ಬಲಿಪೂಜೆಗೆ ವೃದ್ಧರೂ ಮಕ್ಕಳೊಂದಿಗರೂ ಹೊರಗೆ ಬಿಸಿಲಿನಲ್ಲಿ ನಿಲ್ಲುವುದನ್ನು ಯಾರೂ ಸಮರ್ಥಿಸಲಾರರು. ಕಲ್ಲಿಗಿಂತ ಜೀವಂತ ಸಭೆ ದೊಡ್ಡದು. ಆದರೆ ಎಗ್ವಿಯ್ ಬಂಡೆಯ ಮೇಲಿನವರಿಗಿಂತ ಇಕ್ಕಟ್ಟಾದ ಸ್ಥಳ ನಮಗಿಲ್ಲ. ಅವರೇ ದಾರಿ ಕಂಡುಕೊಂಡಿರುವಾಗ ನಮಗೂ ದಾರಿ ಇದ್ದೀತು. ಹಾರೆ ಎತ್ತುವ ಮುನ್ನ ಕೇಳಿಕೊಳ್ಳೋಣ: ಹಿರಿಯರ ಪೀಠವನ್ನು ಉಳಿಸಿ ಅದರ ಸುತ್ತ ವಿಸ್ತರಿಸಲಾಗದೇ? ಅಸ್ತಿವಾರದ ಕಲ್ಲು, ಹಳೆಯ ಗಂಟೆ, ನಮ್ಮ ಅಜ್ಜ ಅಜ್ಜಿಯರ ಜ್ಞಾನಸ್ನಾನದ ದಾಖಲೆ ಪುಸ್ತಕಗಳು ಗೆದ್ದಲಿಗೆ ಸಿಕ್ಕದಂತೆ ಭದ್ರವಾಗಿವೆಯೇ? ಗೊಮೆಸಾನೊ ಬರೆದಿಟ್ಟಂತೆ, ಕೇಳಿ ಬಲ್ಲ ವೃದ್ಧರ ಮಾತನ್ನು ನಮ್ಮಲ್ಲಿ ಯಾರಾದರೂ ಬರೆದಿಡುತ್ತಿದ್ದಾರೆಯೇ?

ಹತ್ತನೆಯ ಶತಮಾನದವರು ಕಟ್ಟಿದರು, ಹನ್ನೆರಡನೆಯ ಶತಮಾನದವರು ಕೂಡಿಸಿದರು, ಆಮೇಲಿನವರು ಕಾಪಾಡಿದರು. ನಮಗೆ ಸಂದಿರುವ ಸರದಿ ಯಾವುದೆಂದು ಪ್ರಾರ್ಥನಾಪೂರ್ವಕವಾಗಿ ವಿವೇಚಿಸುವ ವರವನ್ನು, ಮಹಾದೂತ ಸಂತ ಮಿಕಾಯೇಲರ ಬಿನ್ನಹದ ಮೂಲಕ ದೇವರು ನಮಗೆ ದಯಪಾಲಿಸಲಿ.