ಕಸಿ ಎಂಬ ಎರಡಕ್ಷರ

ಕನ್ನಡದಲ್ಲಿ ‘ಕಸಿ’ ಎಂಬ ಎರಡಕ್ಷರಕ್ಕೆ ಎರಡು ಅರ್ಥಗಳುಂಟು. ಒಂದು ಗಿಡದ ಕಾಂಡಕ್ಕೆ ಇನ್ನೊಂದರ ಕುಡಿಯನ್ನು ಬೆಸೆಯುವುದು ಕಸಿ. ಪರರ ಕೈಯಲ್ಲಿದ್ದುದನ್ನು ಕಿತ್ತುಕೊಳ್ಳುವುದೂ ಕಸಿಯುವುದೇ. ನಿಘಂಟಿನಲ್ಲಿ ಬೇರೆಬೇರೆಯಾಗಿರುವ ಈ ಎರಡು ಅರ್ಥಗಳು ವಿಜಯಪುರದ ಬಳಿಯ ಅರಕೇರಿಯ ಹೊಲವೊಂದರಲ್ಲಿ ಒಂದಾಗಿದ್ದುದನ್ನು ನಾನು ಕಂಡೆ.

ಅರಕೇರಿ ಅಮೋಘಸಿದ್ಧನ ಗುಡಿಯಿಂದ ಹೆಸರಾದ ಊರು. ಸೀಮೆ ಮಳೆಗೆ ಬಡವಾದುದು. ಇಲ್ಲಿ ಗಿಡವೊಂದನ್ನು ಬದುಕಿಸುವುದು ಕೂಸನ್ನು ಸಾಕಿದಂತೆಯೇ. ನನ್ನ ಓರಗೆಯ ರೈತರೊಬ್ಬರು, ವಾಹನದಲ್ಲಿ ಸಸಿಗಳನ್ನು ಹೇರಿಕೊಂಡು ಊರೂರು ತಿರುಗುವ ಒಬ್ಬನಿಂದ ‘ಕೇಸರ್’ ಮಾವಿನ ಕಸಿಗಳೆಂದು ನಂಬಿ ಕೊಂಡರು. ಬೇಸಗೆಯಲ್ಲಿ ಟ್ಯಾಂಕರಿನ ನೀರು ತರಿಸಿ ಹನಿಸಿದರು. ಏಳನೆಯ ವರ್ಷ ಮರಗಳು ಕಾಯಿ ಬಿಟ್ಟವು. ಒಂದರ ಹಣ್ಣು ಹುಳಿ, ಇನ್ನೊಂದರದು ಬರೀ ನಾರು. ಕೇಸರಿನ ಬಣ್ಣವಾಗಲಿ ಪರಿಮಳವಾಗಲಿ ಯಾವುದರಲ್ಲಿಯೂ ಇರಲಿಲ್ಲ.

ಮೋಸದ ಬಗೆ ಸರಳವಾದುದು. ಕೇಸರ್, ಆಪೂಸುಗಳ ಗೊರಟೆಯಿಂದ ಹುಟ್ಟಿದ ಸಸಿ ತಾಯಿಮರದ ಗುಣವನ್ನು ಹಾಗೆಯೇ ತಳೆಯುವುದಿಲ್ಲ. ಅದಕ್ಕೆಂದೇ ಕಸಿ ಬೇಕು. ಯಾವುದೋ ಗೊರಟೆಯ ಸಸಿಯ ಕಾಂಡಕ್ಕೆ ಪ್ಲಾಸ್ಟಿಕ್ ಪಟ್ಟಿ ಸುತ್ತಿದರೆ ನೋಡುವವರ ಕಣ್ಣಿಗೆ ಅದೂ ಕಸಿಯೇ. ಪಟ್ಟಿಯನ್ನು ಬಿಚ್ಚಿ ನೋಡಬೇಕು: ನಿಜವಾದ ಕಸಿಯಲ್ಲಿ ಬೆಸುಗೆಯ ಗುರುತು ಕಾಣುತ್ತದೆ, ಸುಳ್ಳಿನದರಲ್ಲಿ ತೊಗಟೆ ಅಖಂಡವಾಗಿರುತ್ತದೆ, ಇಲ್ಲವೆ ಚಾಕುವಿನ ತೋರಿಕೆಯ ಗೀರೊಂದಿರುತ್ತದೆ.

ಕಳಪೆ ಪುಸ್ತಕಕ್ಕೆ ಹಿರಿಯ ಕವಿಯ ಹೆಸರು ಹಚ್ಚಿ ಮಾರಿದರೆ ಓದುಗನು ಮೊದಲ ಪುಟದಲ್ಲಿಯೇ ಹಿಡಿದಾನು. ಮರದ ಮೊದಲ ಪುಟ ತೆರೆಯಲು ವರ್ಷಗಳು ಬೇಕು. ಅಷ್ಟರಲ್ಲಿ ಮಾರಿದವನು ಯಾವ ಊರಿನಲ್ಲಿರುವನೋ! ಕಾಲವೇ ಈ ಕಳ್ಳನ ಮರೆ.

ಕಾನೂನು ಇಲ್ಲವೆಂದಲ್ಲ. 1966ರ ಬೀಜ ಕಾಯಿದೆಯಲ್ಲಿ ‘ಬೀಜ’ವೆಂದರೆ ಕಾಳು ಮಾತ್ರವಲ್ಲ, ಆಹಾರದ ಬೆಳೆಗಳ ಸಸಿ, ಕಸಿಗಳೂ ಅದರಲ್ಲಿ ಸೇರುತ್ತವೆ. ಬಿತ್ತನೆಬೀಜ ಕೊಂಡ ರೈತನೂ ಗ್ರಾಹಕನೇ, ಗ್ರಾಹಕ ನ್ಯಾಯಾಲಯದ ಬಾಗಿಲು ಅವನಿಗೂ ತೆರೆದಿದೆ ಎಂದು ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ಹೇಳಿತು. ಆದರೆ ಆ ಬಾಗಿಲನ್ನು ತಟ್ಟಲು ಕೈಯಲ್ಲೊಂದು ರಸೀದಿ ಬೇಕು. ತಳಿಯ ಹೆಸರು, ಮಾರಿದವರ ವಿಳಾಸ, ತಾರೀಖು ಬರೆದ ಚೀಟಿ ಕೊಡದವರಲ್ಲಿ ಸಸಿ ಕೊಳ್ಳಬಾರದು. ತೋಟಗಾರಿಕೆ ಇಲಾಖೆಯ ಸಸ್ಯಾಗಾರಗಳಿವೆ. ನೆರೆಯ ಬಾಗಲಕೋಟೆಯಲ್ಲಿ 2008ರಲ್ಲಿ ಸ್ಥಾಪನೆಗೊಂಡ ತೋಟಗಾರಿಕೆ ವಿಶ್ವವಿದ್ಯಾಲಯವೇ ಇದೆ. ಅಲ್ಲಿಗೆ ಹೋಗಿಬರುವ ಒಂದು ದಿನ ಏಳು ವರ್ಷಗಳನ್ನು ಉಳಿಸೀತು.

“ರೊಕ್ಕ ಹೋದ್ರ ಹೋಗ್ಲಿರಿ ಸರ, ಏಳು ವರ್ಷ ಯಾರು ತಿರುಗಿ ಕೊಡ್ತಾರ್ರಿ?” ಎಂದರು ಆ ರೈತರು. ಅರವತ್ತು ದಾಟಿದವರ ಬಾಯಿಂದ ಬಂದ ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಮರಗಳನ್ನು ಬುಡಸಹಿತ ಕಿತ್ತೊಗೆಯಬೇಕೆಂದಿದ್ದರು. ಆದರೆ ಗೊರಟೆಯ ಮರದ ಬೇರು ಗಟ್ಟಿಯಾದುದು. ಕೊಂಬೆಗಳನ್ನು ಕಡಿದು, ಹೊಸದಾಗಿ ಒಡೆದ ಚಿಗುರಿಗೆ ಒಳ್ಳೆಯ ತಳಿಯ ಕುಡಿಯನ್ನು ಬೆಸೆಯಬಹುದು. ತಿಳಿದವರು ಬಂದು ಹೇಳಿದ ಮೇಲೆ ಅವರು ಕೊಡಲಿಯನ್ನು ಕೆಳಗಿಟ್ಟರು. ಈಗ ಆ ಮೊಂಡುಮರಗಳ ಮೇಲೆ ನಿಜವಾದ ಕೇಸರಿನ ಕುಡಿಗಳು ಎಲೆಯೊಡೆದಿವೆ. ಎರಡಕ್ಷರದ ಒಂದು ಅರ್ಥ ಕಿತ್ತುಕೊಂಡುದರಲ್ಲಿ ಕೊಂಚವನ್ನಾದರೂ ಇನ್ನೊಂದು ಅರ್ಥ ಹಿಂದಕ್ಕೆ ಕೊಡುತ್ತಿದೆ.